ಕಾಳವ್ವನ ಹುಲ್ಲುಗರು

ಈ ಕತೆ ಸುಳ್ಳು ಅನ್ನೋ ಧೈರ್ಯ ಇರೋರು ಈಗಲೇ ಕೈ ಎತ್ತಿ. ಮುಗಿದ ಮೇಲೆ ಎತ್ತಿದರೆ ನಾನು ಒಪ್ಪೋದಿಲ್ಲ. ನಾನು ಎಮ್ಮೆ ಬೆನ್ನ ಮೇಲೆ ಕೂತು ಬೆಳೆದವನು. ಕೆಚ್ಚಲು ಮುಟ್ಟಿದರೆ ಸಾಕು, ಎಮ್ಮೆ ಆ ದಿನ ಯಾವ ಹುಲ್ಲು ಮೇಯ್ದಿದೆ ಅಂತ ಹೇಳಿಬಿಡ್ತೀನಿ. ಸುತ್ತಲಿನ ಯಾವ ಊರಿಗಾದರೂ ಹೋಗಿ ಕೇಳಿ, ಎಮ್ಮೆ ವಿಷಯದಲ್ಲಿ ನನ್ನನ್ನು ಮೀರಿಸೋ ಗಂಡು ಇನ್ನೂ ಹುಟ್ಟಿಲ್ಲ. ಹಾಗಾಗಿ ಈ ಕತೆ ಹೇಳೋ ಹಕ್ಕು ನನ್ನದು. ಯಾರೂ ಕೈ ಎತ್ತಲಿಲ್ಲ ತಾನೇ? ಹಾಗಾದರೆ ಕೇಳಿ.

ಒಂದು ಕಾಡಿನಲ್ಲಿ ಒಂದು ಎಮ್ಮೆ ಒಂಟಿಯಾಗಿತ್ತು. ಅದರ ಹೆಸರು ಕಾಳವ್ವ. ಹಿಂದಿನ ಮಳೆಗಾಲದಲ್ಲಿ ಹಳ್ಳ ತುಂಬಿ ಬಂದಾಗ ಅದರ ಎಳೆಗರು ನೀರಿನಲ್ಲಿ ಕೊಚ್ಚಿಹೋಗಿತ್ತು. ಹಿಂಡು ಒಂದಷ್ಟು ದಿನ ಕಾದು, ಬೇರೆ ಹುಲ್ಲುಗಾವಲು ಹುಡುಕಿಕೊಂಡು ಹೊರಟುಹೋಯಿತು. ಕಾಳವ್ವ ಮಾತ್ರ ಹೋಗಲಿಲ್ಲ. ಕರು ಮಲಗುತ್ತಿದ್ದ ಜಾಗ ಅಲ್ಲೇ ಇತ್ತಲ್ಲ, ಮತ್ತಿ ಮರದ ಕೆಳಗೆ. ಒಣಹುಲ್ಲು ಇನ್ನೂ ಕರುವಿನ ಮೈ ಆಕಾರದಲ್ಲೇ ತಗ್ಗಾಗಿತ್ತು. ಕಾಳವ್ವ ಹಗಲೆಲ್ಲ ಮೇಯುತ್ತಿತ್ತು, ಸಂಜೆಗೆ ಬಂದು ಆ ತಗ್ಗಿನ ಪಕ್ಕ ಮಲಗುತ್ತಿತ್ತು. ತಗ್ಗಿನ ಮೇಲೆ ಮಾತ್ರ ಮಲಗುತ್ತಿರಲಿಲ್ಲ.

ಆ ಕಾಡಿನಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ಹಳ್ಳದ ದಡದಲ್ಲಿ ಒಂದು ಅಗಲವಾದ ಬಂಡೆ, ಬಂಡೆಯ ನಡುವೆ ಬಾನಿಯಂಥ ಒಂದು ಕುಳಿ. ಅದಕ್ಕೆ ಹಾಲುಕುಳಿ ಅಂತ ಹೆಸರು. ಮರಿಗೆ ಕುಡಿಸಿ ಹಾಲು ಮಿಕ್ಕಿದ ತಾಯಂದಿರು ಅಲ್ಲಿಗೆ ಬಂದು ಹಾಲು ಕೊಟ್ಟು ಹೋಗುತ್ತಿದ್ದರು. ಹಾಲು ಕರೆಯುವ ಕೆಲಸ ಮುಸುವಜ್ಜಿ ಅನ್ನೋ ಮುದಿ ಕೋತಿಯದು. ಕೈ ಇದ್ದದ್ದು ಅದೊಂದಕ್ಕೇ, ಬಾಯಿಯೂ ಅಷ್ಟೇ ಇತ್ತು ಅನ್ನಿ. ಹಸಿದ ಮರಿ ಇರೋರು ಬಂದು ಕುಡಿಸಿಕೊಂಡು ಹೋಗಬಹುದು. ಯಾರು ಅಂತ ಯಾರೂ ಕೇಳೋ ಹಾಗಿಲ್ಲ. ಕೊಟ್ಟವರು ತಿರುಗಿ ನೋಡದೆ ಹೊರಟುಬಿಡಬೇಕು. ಪಡೆಯೋರಿಗೆ ನಾಚಿಕೆ ಆಗಬಾರದು ಅಂತ ಹಿರಿಯರು ಮಾಡಿದ ಕಟ್ಟು ಅದು.

ಹಾಲುಕುಳಿಗೆ ಎಲ್ಲರಿಗಿಂತ ಹೆಚ್ಚು ಹಾಲು ಕೊಡುತ್ತಿದ್ದದ್ದು ಕಾಳವ್ವ. ಕರು ಹೋದ ಮೇಲೆ ಅದೂ ನಿಂತಿತು. ಕರುವಿನ ವಾಸನೆ ಮೂಗಿಗೆ ಬಡಿಯದೆ ಎಮ್ಮೆ ಸೊರ ಬಿಡೋದಿಲ್ಲ, ಅಂದರೆ ಕೆಚ್ಚಲಲ್ಲಿ ಹಾಲಿದ್ದರೂ ಮೊಲೆಗೆ ಇಳಿಸೋದಿಲ್ಲ. ಎಳೆಯಿರಿ, ಹಿಂಡಿರಿ, ಬೇಡಿಕೊಳ್ಳಿ, ಇಲ್ಲ ಅಂದರೆ ಇಲ್ಲ. ಇದರಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಆ ಬೇಸಿಗೆಯಲ್ಲಿ ಹಳ್ಳದ ಆಚೆ ಗುಡ್ಡಕ್ಕೆ ಬೆಂಕಿ ಬಿತ್ತು. ಹುಲ್ಲು, ಪೊದೆ, ಚಿಗುರು ಎಲ್ಲ ಸುಟ್ಟು ಬೂದಿ. ಗುಡ್ಡದ ತಾಯಂದಿರಿಗೆ ಮೇವಿಲ್ಲ, ಮೇವಿಲ್ಲದ ಮೇಲೆ ಹಾಲೆಲ್ಲಿಂದ ಬರಬೇಕು? ಒಂದು ಬೆಳಗ್ಗೆ ಚುಕ್ಕಿ ಅನ್ನೋ ಜಿಂಕೆ, ಹಳ್ಳದ ಮೇಲೆ ಬಿದ್ದಿದ್ದ ಮರದ ದಿಮ್ಮಿ ದಾಟಿ ಹಾಲುಕುಳಿಯ ಹತ್ತಿರ ಬಂತು. ಅದರ ಪಕ್ಕೆಲುಬು ಎಣಿಸಬಹುದಿತ್ತು.

"ಅಜ್ಜೀ, ನನ್ನ ಮರಿ ನಿಲ್ಲಲಾರದು, ಗುಡ್ಡ ಇಳಿದು ಇಲ್ಲಿತನಕ ಬರೋದಂತೂ ದೂರದ ಮಾತು. ನಮ್ಮ ಕಡೆ ಇನ್ನೂ ಎಷ್ಟೋ ಮರಿಗಳು ಹಾಗೇ ಬಿದ್ದಿವೆ. ಹಾಲನ್ನೇ ಯಾರಾದರೂ ಅಲ್ಲಿಗೆ ಮುಟ್ಟಿಸೋಕಾಗುತ್ತಾ?" ಅಂತ ಕೇಳಿತು.

ಮುಸುವಜ್ಜಿ ಕುಳಿಯ ಕಡೆ ನೋಡಿತು. ಕುಳಿಯ ತಳದಲ್ಲಿ ಆಡೊಂದು ಕೊಟ್ಟಿದ್ದ ಸ್ವಲ್ಪ ಹಾಲು ಬಿಟ್ಟರೆ ಏನೂ ಇರಲಿಲ್ಲ. "ಕಾಳವ್ವ ಸೊರ ಬಿಟ್ಟಿದ್ದರೆ ನಿಮ್ಮ ಗುಡ್ಡವೆಲ್ಲ ಕುಡೀಬಹುದಿತ್ತು ಕಣವ್ವ. ಅದು ಬಿಡೋದಿಲ್ಲ. ಬಿಟ್ಟರೂ ಹೊರೋರು ಯಾರು? ನನ್ನ ಸೊಂಟ ನೋಡು, ಬಿಲ್ಲಾಗಿದೆ."

ಈ ಮಾತು ಪೊದೆಯ ಹಿಂದೆ ಕೂತಿದ್ದ ಒಂದು ನರಿಯ ಕಿವಿಗೆ ಬಿತ್ತು. ಅದರ ಹೆಸರು ಕೆಂಚಪ್ಪ. ಕೆಂಚಪ್ಪನ ಕಾಲು ಗಟ್ಟಿ, ಆದರೆ ಹಲ್ಲು ಉದುರಿಹೋಗಿತ್ತು. ಬೇಟೆಯಾಡಲಾರದ ನರಿಯನ್ನು ಅದರ ಗುಂಪು ಹಿಂದೆ ಬಿಟ್ಟು ನಡೆದಿತ್ತು. ಸಂಜೆ ಹೊತ್ತು ಕೆಂಚಪ್ಪ ಊಳಿಟ್ಟರೆ ಯಾವ ದಿಕ್ಕಿನಿಂದಲೂ ಉತ್ತರ ಬರುತ್ತಿರಲಿಲ್ಲ. ಹಾಲುಕುಳಿಗೆ ಹೋಗಿ "ಹಸಿವಾಗಿದೆ" ಅಂತ ಒಂದು ಮಾತು ಹೇಳಿದ್ದರೆ ಅದಕ್ಕೂ ಸಿಗುತ್ತಿತ್ತು. ಆದರೆ ಜಂಬ ಬಿಡಬೇಕಲ್ಲ! ನರಿಯಾಗಿ ಹುಟ್ಟಿ ಬೇಡಿ ತಿನ್ನೋದಾ, ಅನ್ನೋದು ಅದರ ಲೆಕ್ಕ. ಗಿಟ್ಟಿಸಿಕೊಂಡರೆ ಮಾತ್ರ ರುಚಿ.

ಮರುದಿನ ನರಿ ಮತ್ತಿ ಮರದ ಹತ್ತಿರ ಬಂತು. ಕಾಳವ್ವ ಮೇಯಲು ಹೋಗಿತ್ತು. ಕರು ಮಲಗಿದ್ದ ಹುಲ್ಲನ್ನು ನರಿ ಬೊಚ್ಚುಬಾಯಲ್ಲೇ ಅವುಚಿ ಅವುಚಿ ಒಟ್ಟುಮಾಡಿತು. ಬಳ್ಳಿ ಸುತ್ತಿ ಬಿಗಿಯಿತು. ನಾಲ್ಕು ಕೋಲು ಚುಚ್ಚಿ ಕಾಲು ಮಾಡಿತು, ಎರಡು ಮುತ್ತುಗದ ಎಲೆ ಸಿಕ್ಕಿಸಿ ಕಿವಿ ಮಾಡಿತು. ಒಂದು ಹುಲ್ಲುಗರು ತಯಾರಾಯಿತು.

ಕಾಳವ್ವ ಹಿಂದಿರುಗಿ ಬಂದಾಗ ಅದು ನಿಂತಿತ್ತು. ಕಾಳವ್ವ ಹತ್ತಿರ ಹೋಯಿತು. ಮೂಸಿತು. ಬಹಳ ಹೊತ್ತು ಮೂಗು ಎತ್ತಲೇ ಇಲ್ಲ.

"ಯಾರು ಮಾಡಿದ್ದು?" ಅಂತ ಕೊನೆಗೆ ಕೇಳಿತು.

"ನಾನು ಅಕ್ಕ, ಕೆಂಚಪ್ಪ. ಗುಡ್ಡದ ಮೇಲೆ ಮರಿಗಳು ಹಸಿದು ಬಿದ್ದಿವೆ. ಸೊರ ಬಿಡಿ, ನಾನು ಹೊತ್ತು ಮುಟ್ಟಿಸ್ತೀನಿ. ಬಡ ನರಿ, ನನ್ನ ಕೈಲಾದದ್ದು ಇಷ್ಟೇ."

"ಇದು ಹುಲ್ಲು ಅಂತ ನನಗೆ ಗೊತ್ತು ಕಣಪ್ಪ," ಅಂತು ಕಾಳವ್ವ. "ಆದರೆ ವಾಸನೆ ನನ್ನ ಕರು ಗುಂಡುವಿನದು. ಅಜ್ಜಿಯನ್ನು ಕರೆ."

ಮುಸುವಜ್ಜಿ ಓಡಿ ಬಂತು. ಹುಲ್ಲುಗರುವನ್ನು ಎದುರಿಗೆ ನಿಲ್ಲಿಸಿತು. ಕಾಳವ್ವ ಅದನ್ನು ನೆಕ್ಕುತ್ತಾ ನಿಂತಿತು, ಕೆಚ್ಚಲಿನಿಂದ ಹಾಲು ಧಾರೆಯಾಗಿ ಇಳಿಯಿತು. ಅಜ್ಜಿ ಎರಡು ಸೋರೆಬುರುಡೆ ತುಂಬಿಸಿ, ಬಳ್ಳಿ ಕಟ್ಟಿ, ನರಿಯ ಕೊರಳಿಗೆ ಎರಡು ಕಡೆಯೂ ಇಳಿಬಿಟ್ಟಿತು. "ಚೆಲ್ಲೀಯಾ ಜೋಕೆ, ಬಾಲ ಕಿತ್ತುಬಿಡ್ತೀನಿ," ಅಂತ ಗದರಿಸಿತು.

"ಅಜ್ಜೀ, ಒಂದು ಹನಿ ಚೆಲ್ಲಿದರೆ ನಾನು ನರಿಯೇ ಅಲ್ಲ," ಅಂತು ಕೆಂಚಪ್ಪ.

ಅದು ನಿಜವೇ. ಒಂದು ಹನಿಯೂ ಚೆಲ್ಲಲಿಲ್ಲ. ದಿಮ್ಮಿ ದಾಟಿ, ಗುಡ್ಡದ ಬುಡದ ಬಂಡೆಯ ಹಿಂದೆ ಹೋಗಿ, ಅಷ್ಟನ್ನೂ ತಾನೇ ಕುಡಿಯಿತು. ಮೂತಿ ನೆಕ್ಕಿಕೊಂಡು ಚುಕ್ಕಿಯ ಹತ್ತಿರ ಹೋಗಿ ಮುಖ ಸಣ್ಣದು ಮಾಡಿತು. "ಏನು ಮಾಡಲಿ ಚುಕ್ಕವ್ವಾ, ಎಮ್ಮೆ ಇವತ್ತು ಸೊರ ಬಿಡಲಿಲ್ಲ. ನಾಳೆ ನೋಡೋಣ. ನೀನು ಮಾತ್ರ ಕೇಳೋಕೆ ಹೋಗಬೇಡ. ಆ ಎಮ್ಮೆಗೆ ಕೇಳೋರನ್ನು ಕಂಡರೆ ಆಗೋದಿಲ್ಲ." ಚುಕ್ಕಿ ತಲೆ ಆಡಿಸಿತು. ಮರಿಯನ್ನು ಬಿಟ್ಟು ಬರುವ ಧೈರ್ಯವೂ ಅದಕ್ಕಿರಲಿಲ್ಲ.

ಸಂಜೆ ನರಿ ಈ ದಡಕ್ಕೆ ಬಂದು ಕಾಳವ್ವನ ಮುಂದೆ ಕೂತುಕೊಂಡು ಸುದ್ದಿ ಹೇಳಿತು. "ಅಕ್ಕಾ, ಏನು ಕುಡಿದವು ಅಂತೀರಿ! ಜಿಂಕೆಮರಿ ಕುಡಿದು ಒಂದು ನೆಗೆತ ನೆಗೀತು ನೋಡಿ, ಹಂದಿಮರಿ ಮೇಲೆ ಬಿತ್ತು. ಹಂದಿಮರಿ ಸಿಟ್ಟಾಗಿ ಅದರ ಕಿವಿ ಕಚ್ಚಿತು. ಆಮೇಲೆ ಎರಡೂ ಒಂದನ್ನೊಂದು ಒರಗಿಕೊಂಡು ನಿದ್ದೆ ಹೋದವು."

ಕಾಳವ್ವ ಮೇಯೋದು ಬಿಟ್ಟು ಕೇಳಿತು. ಮತ್ತಿ ಮರದ ಕೆಳಗೆ ಅದರ ಜೊತೆ ಯಾರಾದರೂ ಮಾತಾಡಿ ಎಷ್ಟು ಕಾಲವಾಗಿತ್ತೋ! "ಆಮೇಲೆ?" ಅಂತು. "ಮತ್ತೆ ಏನಂದವು? ಹಾಲು ಯಾರದು ಅಂತ ಕೇಳಿದವಾ?"

"ಕೇಳದೆ ಇರ್ತವಾ? ಕಾಳವ್ವ ದೊಡ್ಡಮ್ಮ ಅಂತ ಹೇಳಿಕೊಟ್ಟಿದೀನಿ."

ಆ ಸಂಜೆ ಕಾಳವ್ವ ಗುಡ್ಡದ ಕಡೆ ಮುಖ ಮಾಡಿ ಮಲಗಿತು.

ಹೀಗೇ ನಡೆಯಿತು. ಬೆಳಗ್ಗೆ ಹಾಲು ಹೊರಡುತ್ತಿತ್ತು, ಸಂಜೆ ಸುದ್ದಿ ಬರುತ್ತಿತ್ತು. ನರಿಯ ಮೈ ಮಿರಿಮಿರಿ ಮಿಂಚತೊಡಗಿತು. ಗುಡ್ಡದ ಮೇಲೆ ಚುಕ್ಕಿಯ ಮರಿಯ ದನಿ ದಿನದಿಂದ ದಿನಕ್ಕೆ ಸಣ್ಣದಾಯಿತು. ಈ ಎರಡನ್ನೂ ಒಟ್ಟಿಗೆ ಕಂಡವರು ಯಾರೂ ಇಲ್ಲ. ಕೊಟ್ಟವರು ಹೋಗಿ ನೋಡೋ ಪದ್ಧತಿ ಇರಲಿಲ್ಲವಲ್ಲ.

ಆದರೆ ಹುಲ್ಲು ಎಷ್ಟು ದಿನ ಅಂತ ವಾಸನೆ ಹಿಡಿದಿಟ್ಟುಕೊಳ್ಳುತ್ತೆ? ಬಿಸಿಲಿಗೆ, ಗಾಳಿಗೆ, ಕಾಳವ್ವ ನೆಕ್ಕಿದ್ದಕ್ಕೇ ಗುಂಡುವಿನ ವಾಸನೆ ಅಳಿಯುತ್ತಾ ಬಂತು. ಒಂದು ದಿನ ಬುರುಡೆ ಅರ್ಧ ತುಂಬಿತು. ಮತ್ತೊಂದು ದಿನ ತಳ ಮುಚ್ಚಿತು, ಅಷ್ಟೇ. ಕಾಳವ್ವ ಹುಲ್ಲುಗರುವಿಗೆ ಮೂಗು ಒತ್ತಿ ಒತ್ತಿ ಹುಡುಕುತ್ತಿತ್ತು. "ಹೋಗ್ತಾ ಇದಾನೆ ಕಣೋ," ಅಂತ ಮೆಲ್ಲಗೆ ಅಂದಿತು. "ಎರಡನೇ ಸಲ ಹೋಗ್ತಾ ಇದಾನೆ."

ನರಿಗೆ ಗಾಬರಿಯಾಯಿತು. ಗಾಬರಿ ಹಾಲಿನದು, ಕಾಳವ್ವನದಲ್ಲ. ಅವತ್ತು ಸಂಜೆ ಅದು ಒಂದು ಹೊಸ ಸುದ್ದಿ ಕಟ್ಟಿತು. "ಅಕ್ಕಾ, ಹೇಳಬಾರದು ಅಂತಿದ್ದೆ. ಗುಡ್ಡದ ಮರಿಗಳ ನಡುವೆ ಒಂದು ಕಪ್ಪು ಕರು ಸೇರಿಕೊಂಡಿದೆ. ಯಾರದೋ ಏನೋ, ನೀರಲ್ಲಿ ತೇಲಿ ಬಂದದ್ದಂತೆ. ಎಲ್ಲರಿಗಿಂತ ಹೆಚ್ಚು ಹಾಲು ಕುಡಿಯೋದೇ ಅದು."

ಕಾಳವ್ವನ ಕಿವಿ ನೆಟ್ಟಗಾಯಿತು. "ಅದರ ಹಣೆಯಲ್ಲಿ ಬಿಳಿ ಇದೆಯಾ? ಒಂದು ಚುಕ್ಕೆ?"

ನರಿ ಒಂದು ಕ್ಷಣವೂ ಯೋಚಿಸಲಿಲ್ಲ. ಕೇಳೋರಿಗೆ ಬೇಕಾದದ್ದನ್ನು ಹೇಳಿ ಹೇಳಿ ಅದಕ್ಕೆ ಅಭ್ಯಾಸವಾಗಿತ್ತು. "ಹೂಂ ಅಕ್ಕ! ಇದೆ! ಕಾಸಗಲ ಚುಕ್ಕೆ, ಸರಿಯಾಗಿ ನಡುವೆ!"

ಮಾರನೆಯ ಬೆಳಗ್ಗೆ ಕಾಳವ್ವ ಹುಲ್ಲುಗರುವನ್ನು ಮೂಸಲೂ ಇಲ್ಲ, ಹಾಲು ತಾನಾಗಿ ಇಳಿದು ಬುರುಡೆಗಳು ತುಂಬಿ ತುಳುಕಿದವು. ನರಿ ಒಳಗೊಳಗೇ ನಗುತ್ತಾ ದಿಮ್ಮಿ ದಾಟಿತು.

ನರಿ ಮರೆಯಾದ ಕೂಡಲೇ ಕಾಳವ್ವ ಹಳ್ಳದ ಕಡೆ ಹೆಜ್ಜೆ ಹಾಕಿತು.

"ಎಲ್ಲಿಗವ್ವಾ?" ಅಂತ ಮುಸುವಜ್ಜಿ ಅಡ್ಡ ಬಂತು. "ಕೊಟ್ಟವರು ಹೋಗಿ ನೋಡಬಾರದು. ಹಿರಿಯರ ಕಟ್ಟು!"

"ನಾನು ಕೊಟ್ಟದ್ದನ್ನು ನೋಡೋಕೆ ಹೋಗ್ತಾ ಇಲ್ಲ ಅಜ್ಜಿ. ನನ್ನ ಮಗನನ್ನು ನೋಡೋಕೆ ಹೋಗ್ತಾ ಇದೀನಿ."

ದಿಮ್ಮಿ ಎಮ್ಮೆಯ ಭಾರ ತಡೆಯೋದಲ್ಲ. ನೀರಿಗೇ ಇಳಿಯಬೇಕು. ಕರುವನ್ನು ಒಯ್ದ ನೀರು ಅದೇ. ಅಂದಿನಿಂದ ಕಾಳವ್ವ ಆ ಹಳ್ಳದಲ್ಲಿ ಬಾಯಾರಿಕೆಗೂ ಬಾಯಿ ಇಟ್ಟಿರಲಿಲ್ಲ, ಮಳೆನೀರು ನಿಂತ ಹೊಂಡದಲ್ಲಿ ಕುಡಿಯುತ್ತಿತ್ತು. ಈಗ ಇಳಿಯಿತು. ಬೇಸಿಗೆಯಾದರೂ ನಡುವೆ ಸೆಳೆತ ಬಲವಾಗಿತ್ತು. ಮುಂಗಾಲು ಕಲ್ಲಿನ ಸಂದಿಗೆ ಸಿಕ್ಕಿ ತಿರುಚಿತು. ಕಾಳವ್ವ ಕೂಗಲಿಲ್ಲ. ಕುಂಟುತ್ತಲೇ ಆಚೆ ದಡ ಹತ್ತಿ, ಹಾಲಿನ ವಾಸನೆ ಹಿಡಿದು ಬಂಡೆಯ ಹಿಂದಕ್ಕೆ ಬಂತು.

ಅಲ್ಲಿ ಏನಿತ್ತು ಅಂತೀರಿ? ನರಿ ಒಂದು ಬುರುಡೆ ಮುಗಿಸಿ, ಎರಡನೆಯದರ ತಳ ನೆಕ್ಕೋಕೆ ಹೋಗಿ, ತಲೆ ಒಳಗೆ ಸಿಕ್ಕಿಸಿಕೊಂಡಿತ್ತು! ಮೇಲೆ ಸೋರೆಬುರುಡೆ, ಕೆಳಗೆ ನರಿಯ ಮೈ. ಬಾಲ ಅತ್ತ ಇತ್ತ ಬಡಿಯುತ್ತಾ ಗುರುಗುಡುತ್ತಿತ್ತು. ಹೆಜ್ಜೆ ಸದ್ದು ಕೇಳಿ, ಜಿಂಕೆ ಬಂತು ಅಂದುಕೊಂಡು ಬುರುಡೆಯ ಒಳಗಿನಿಂದಲೇ ಮಾತು ಶುರುಮಾಡಿತು.

"ಚುಕ್ಕವ್ವಾ, ಬಂದೆಯಾ? ಇವತ್ತೂ ಎಮ್ಮೆ ಸೊರ ಬಿಡಲಿಲ್ಲ ಕಣವ್ವ. ಆ ಎಮ್ಮೆಯದು ಕಲ್ಲು ಮನಸ್ಸು. ಮರಿ ಸತ್ತರೆ ಸಾಯಲಿ ಅಂದುಬಿಡ್ತು. ಖಾಲಿ ಬುರುಡೆ ಹೊತ್ತುಕೊಂಡು ಬಂದೆ. ಸ್ವಲ್ಪ ಇದನ್ನು ಎಳೀತೀಯಾ?"

ಯಾರೂ ಎಳೆಯಲಿಲ್ಲ. ಬುರುಡೆಯ ಮೇಲೆ ಎಮ್ಮೆಯ ಬಿಸಿಯುಸಿರು ಬಿತ್ತು. ನರಿಯ ಬಾಲ ನಿಂತಿತು.

"ಬಿಳಿ ಚುಕ್ಕೆಯ ಕರು ಎಲ್ಲಿ?" ಅಂತ ಕಾಳವ್ವ ಕೇಳಿತು. ಹಾಲಿನ ಮಾತು ಎತ್ತಲೇ ಇಲ್ಲ.

"ಅಕ್ಕಾ..."

"ಎಲ್ಲಿ?"

"ಇಲ್ಲ ಅಕ್ಕ."

"ನಿನ್ನೆ ಇತ್ತಾ?"

"ಯಾವತ್ತೂ ಇರಲಿಲ್ಲ ಅಕ್ಕ."

ಕಾಳವ್ವ ನಿಂತಲ್ಲೇ ನಿಂತಿತು. ಸುತ್ತ ಸುಟ್ಟ ಗುಡ್ಡ, ಕರಿ ಬಂಡೆ, ಕರಿ ಮೋಟು. ಗಾಳಿ ಬಂದಾಗಲೆಲ್ಲ ಬೂದಿ ಒಂದಿಷ್ಟು ಎದ್ದು ಮತ್ತೆ ಕೂತುಕೊಳ್ಳುತ್ತಿತ್ತು. ನಾನು ಎಂಥೆಂಥ ಎಮ್ಮೆಗಳನ್ನು ನೋಡಿದವನು, ಆದರೆ ಹಾಗೆ ನಿಂತ ಎಮ್ಮೆಯನ್ನು ನೋಡೋ ಧೈರ್ಯ ನನಗೂ ಇಲ್ಲ, ನಿಮಗೂ ಬೇಡ.

ಆಗ ಮೇಲಿನಿಂದ ಒಂದು ದನಿ ಬಂತು. ಅದನ್ನು ಕೂಗು ಅನ್ನೋ ಹಾಗಿರಲಿಲ್ಲ, ಒಣ ಎಲೆ ಉಜ್ಜಿದಷ್ಟೇ ಸದ್ದು. ಚುಕ್ಕಿಯ ಮರಿ. ಕಾಳವ್ವ ಕುಂಟಿಕೊಂಡು ಹತ್ತಿತು. ಒಂದು ಮೋಟು ಮರದ ನೆರಳಿನಲ್ಲಿ ಮರಿ ಕತ್ತು ಚಾಚಿ ಮಲಗಿತ್ತು. ಅದರ ಆಚೆ ಹಂದಿಮರಿಗಳು, ಕಡವೆಮರಿಗಳು. ಯಾವುದೂ ನೆಗೆಯುತ್ತಿರಲಿಲ್ಲ, ಯಾವುದೂ ಯಾರ ಕಿವಿಯನ್ನೂ ಕಚ್ಚುತ್ತಿರಲಿಲ್ಲ.

ಚುಕ್ಕಿ ಎಮ್ಮೆಯನ್ನು ಕಂಡು ಹಿಂದೆ ಸರಿಯಿತು. "ಕ್ಷಮಿಸವ್ವ, ನಾನು ಕೇಳೋಕೆ ಬರಲಿಲ್ಲ. ನೀನು ಬೈತೀಯಂತೆ."

"ನಾನಾ?" ಅಂತು ಕಾಳವ್ವ.

ಮರಿ ಮತ್ತೊಮ್ಮೆ ಕೂಗಿತು. ಅಲ್ಲಿ ಹುಲ್ಲುಗರು ಇರಲಿಲ್ಲ. ಗುಂಡುವಿನ ವಾಸನೆ ಇರಲಿಲ್ಲ. ಕರೆಯಲು ಅಜ್ಜಿಯ ಕೈಯೂ ಇರಲಿಲ್ಲ. ಆದರೂ ಆ ದನಿಗೆ ಕಾಳವ್ವನ ಕೆಚ್ಚಲು ಬಿಗಿಯಿತು, ಬೆಳಗ್ಗೆ ಕರೆದು ಬರಿದಾಗಿದ್ದ ಕೆಚ್ಚಲಲ್ಲಿ ಮತ್ತೆ ಹಾಲೂರಿ ಸೊರ ಬಿಟ್ಟಿತು. ಮೊದಲ ಹನಿಗಳು ಬೂದಿಗೆ ಬಿದ್ದವು. ಚುಕ್ಕಿ ಮರಿಯ ತಲೆಯನ್ನು ತನ್ನ ಮೂತಿಯಿಂದ ಎತ್ತಿ ಹಿಡಿಯಿತು. ಮುಂದಿನ ಹನಿಗಳು ಬಾಯಿಗೆ ಬಿದ್ದವು.

ಇಲ್ಲಿ ಬೇಕಾದರೆ ಕೈ ಎತ್ತಿ, ನೋಡೋಣ.

ಆ ಸಂಜೆ ಹಾಲುಕುಳಿಯ ಹತ್ತಿರ ಎಲ್ಲರೂ ಸೇರಿದರು. ಮುಸುವಜ್ಜಿ ಕಲ್ಲು ತಗೊಂಡು ನರಿಯ ತಲೆಯ ಮೇಲಿದ್ದ ಬುರುಡೆಯನ್ನು ಒಡೆಯಿತು. ಬುರುಡೆಗೆ ಬೇಕಾದಷ್ಟಕ್ಕಿಂತ ಸ್ವಲ್ಪ ಜೋರಾಗಿಯೇ ಹೊಡೆಯಿತು ಅಂತ ನೋಡಿದವರು ಹೇಳ್ತಾರೆ. "ಇವನನ್ನು ಕಾಡಿನಿಂದಾಚೆ ಓಡಿಸಿ!" ಅಂತ ಎಲ್ಲರೂ ಕೂಗಿದರು.

"ಓಡಿಸಿದರೆ ಹಾಲು ಹೊರೋರು ಯಾರು?" ಅಂತು ಕಾಳವ್ವ. ಅದರ ಮುಂಗಾಲು ಊದಿಕೊಂಡಿತ್ತು. ಹೇಗೋ ಈ ದಡ ಸೇರಿತ್ತು, ಇನ್ನೊಮ್ಮೆ ಹಳ್ಳ ದಾಟುವ ಹಾಗಿರಲಿಲ್ಲ. "ಗಟ್ಟಿ ಕಾಲಿರೋದು ಇವನಿಗೇ. ಹೊರಲಿ. ಚುಕ್ಕಿ ದಿನಾ ದಿಮ್ಮಿಯ ಹತ್ತಿರ ಬಂದು ಕಾದಿರಲಿ. ಬುರುಡೆ ಇವನ ಕೊರಳಿನಿಂದ ಇಳಿಯೋ ತನಕ ಜೊತೆಗೇ ನಡೆಯಲಿ. ಇನ್ನು ಮೇಲೆ ಕೊಟ್ಟವರೂ ನೋಡಬೇಕು ಅಜ್ಜಿ. ಯಾರು ಕುಡಿದರು ಅಂತಲ್ಲ. ಮುಟ್ಟಿತಾ ಅಂತ."

ಆಮೇಲೆ ನರಿಯ ಕಡೆ ತಿರುಗಿತು. "ನೀನೂ ಹಸಿದಿದ್ದೆ. ಕೇಳಿದ್ದರೆ ಕೊಡ್ತಿರಲಿಲ್ಲವೇನೋ?"

ಅಲ್ಲಿಂದ ಮುಂದೆ ಮರಿಯ ಆ ದನಿ ನೆನೆದರೆ ಸಾಕು, ಕಾಳವ್ವ ಸೊರ ಬಿಡುತ್ತಿತ್ತು. ನರಿ ದಿನಾ ಹೊತ್ತಿತು. ಹೊತ್ತದ್ದನ್ನೆಲ್ಲ ಮುಟ್ಟಿಸಿತು. ಬಿದ್ದ ಅತ್ತಿಹಣ್ಣು, ಹಳ್ಳದ ಸಣ್ಣ ಏಡಿ, ಅದರ ಊಟ ಅಷ್ಟೇ. ಜೊತೆಗೆ ನಡೆಯುವ ಚುಕ್ಕಿ ಒಂದು ಮಾತೂ ಆಡುತ್ತಿರಲಿಲ್ಲ. ಸಂಜೆ ಬಂದು ಸುದ್ದಿ ಹೇಳಲು ಬಾಯಿ ತೆಗೆದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಮೊದಲ ಮಳೆ ಬಿದ್ದು ಗುಡ್ಡದಲ್ಲಿ ಹಸಿರು ಇಣುಕಿದ ದಿನ ಅದು ಏದುಸಿರು ಬಿಡುತ್ತಾ ಓಡಿ ಬಂತು.

"ಅಜ್ಜೀ, ಮರಿ ಎದ್ದು ನಿಂತಿತು!"

"ಹೋಗೋ ಸುಳ್ಳಾ," ಅಂತು ಮುಸುವಜ್ಜಿ. ಬೆನ್ನು ತಿರುಗಿಸಿ ಮರ ಹತ್ತಿತು.

ಯಾವತ್ತೂ ಇಲ್ಲದ ನಿಜ ಅದರ ಬಾಯಲ್ಲಿತ್ತು, ಕೇಳೋರು ಒಬ್ಬರೂ ಇರಲಿಲ್ಲ. ನರಿ ಮತ್ತಿ ಮರದ ಹತ್ತಿರ ಹೋಯಿತು. ಹುಲ್ಲುಗರು ಮಳೆಗೆ ನೆನೆದು ಒಂದು ಕಡೆ ವಾಲಿತ್ತು, ಒಂದು ಕಿವಿ ಉದುರಿತ್ತು. ನರಿ ಅದರ ಮುಂದೆ ಕೂತುಕೊಂಡಿತು. ಅದಕ್ಕೇ ಹೇಳಿತು.

"ಇವತ್ತು ಮರಿ ಎದ್ದು ನಿಂತಿತು ಕಣೋ. ಎರಡು ಹೆಜ್ಜೆ ಹಾಕಿ ಮುಖ ಅಡಿಯಾಗಿ ಬಿತ್ತು. ಮೂಗಿಗೆಲ್ಲ ಕೆಸರು."

ಆಚೆ ಬದಿಯಲ್ಲಿ ಬೆನ್ನು ಮಾಡಿ ಮಲಗಿದ್ದ ಕಾಳವ್ವನ ಕಿವಿ ಅಲುಗಿತು. "ಬಿತ್ತಾ?" ಅಂತು.

"ಬಿತ್ತು ಅಕ್ಕ."

"ಆಮೇಲೆ?"

"ಅತ್ತಿತು. ಮತ್ತೆ ಎದ್ದಿತು."

ನರಿಯ ಹಳೆಯ ಸುದ್ದಿಗಳಲ್ಲಿ ಯಾವ ಮರಿಯೂ ಬಿದ್ದು ಅತ್ತಿರಲಿಲ್ಲ. ಮಳೆ ಹನಿ ಎಲೆಯಿಂದ ಎಲೆಗೆ ಇಳಿಯುತ್ತಿತ್ತು. ಕಾಳವ್ವ ನರಿಯ ಕಡೆ ತಿರುಗಿ, "ನಿನಗೆ ಹಸಿವಾಗಿದೆಯಾ?" ಅಂತ ಕೇಳಿತು.

ನರಿಯ ಬಾಯಿಗೆ ಜಂಬದ ಮಾತು ಬಂತು. ನುಂಗಿಕೊಂಡಿತು. "ಹೂಂ ಅಕ್ಕ," ಅಂತು. "ಹಸಿವಾಗಿದೆ."

ಕಾಳವ್ವ ಪಕ್ಕದಲ್ಲಿದ್ದ ಬುರುಡೆಯನ್ನು ಕೊಂಬಿನಿಂದ ಮೆಲ್ಲಗೆ ಅದರ ಕಡೆ ತಳ್ಳಿತು. ಕೊನೆಗೆ ನರಿಗೆ ಸಿಕ್ಕಿದ್ದು ಅದರ ತಳದಲ್ಲಿ ಉಳಿದಿದ್ದ ಒಂದು ಗುಟುಕು ಹಾಲು.

ನೀತಿ: ಹಸಿದವರ ಪಾಲನ್ನು ಮೋಸದಿಂದ ತಿಂದವನ ನಿಜವನ್ನೂ ಯಾರೂ ಬೇಗ ನಂಬುವುದಿಲ್ಲ, ಹಸಿವಾದರೆ ನಾಚದೆ ಕೇಳಬೇಕು, ಕೊಟ್ಟವರು ಅದು ಹಸಿದ ಬಾಯಿಗೆ ಮುಟ್ಟಿತೇ ಎಂದು ಹೋಗಿ ನೋಡಬೇಕು.